ಗೊಬ್ಬರದ ಅಂಗಡಿ, ಬಿಪಿ ಮಾತ್ರೆ, 27 ಉಸಿರು

2025ರ ಜುಲೈ ತಿಂಗಳನ್ನು ಹಾಸನದವರು ಅಷ್ಟು ಬೇಗ ಮರೆಯುವುದಿಲ್ಲ. ಟಿವಿ ಹಾಕಿದರೆ ಹಾಸನ, ಹಾಸನ ಅಂದರೆ ಹೃದಯಾಘಾತ. ದಿನಾ ಒಂದು ಸುದ್ದಿ. ವರ್ಷಕ್ಕೊಮ್ಮೆ ಮಾತಾಡುವ ನೆಂಟರೂ ಫೋನ್ ಮಾಡಿ "ಎಲ್ಲಾ ಹುಷಾರಾಗಿದ್ದೀರಾ?" ಅಂತ ಕೇಳುತ್ತಿದ್ದರು. ಅವರು ಕೇಳುವ ಧ್ವನಿಗೇ ಎದೆ ಒಂದು ಸಲ ಧಸಕ್ ಅನ್ನುತ್ತಿತ್ತು. ಚೆನ್ನಾಗಿದ್ದವರೂ ಮೈಸೂರು, ಬೆಂಗಳೂರಿಗೆ ಹೋಗಿ ಇಸಿಜಿಗೆ ಸಾಲು ನಿಂತರು. ಆಮೇಲೆ ಸರ್ಕಾರದ ತಜ್ಞರ ಸಮಿತಿ ಲೆಕ್ಕ ಎಲ್ಲಾ ನೋಡಿ, ಹಾಸನದಲ್ಲಿ ಹೃದಯದ ಸಾವು ಹಿಂದಿಗಿಂತ ವಿಶೇಷವಾಗಿ ಜಾಸ್ತಿ ಆಗಿಲ್ಲ, ಬಿಪಿ, ಶುಗರ್, ಸಿಗರೇಟು ಇಂಥ ಹಳೇ ಕಾರಣಗಳೇ ಇವೆ ಅಂತ ಹೇಳಿತು. ಅಷ್ಟು ಹೊತ್ತಿಗೆ ನನ್ನ ಹೆಂಡತಿ ನನ್ನನ್ನು ಡಾಕ್ಟರ ಹತ್ತಿರ ಎಳೆದುಕೊಂಡು ಹೋಗಿ ಆಗಿತ್ತು.

ಡಾಕ್ಟರು ತೋಳಿಗೆ ಪಟ್ಟಿ ಸುತ್ತಿ ನೋಡಿದರು. ಐದು ನಿಮಿಷ ಬಿಟ್ಟು ಇನ್ನೊಂದು ಸಲ ನೋಡಿದರು. 158/98. ಇಸಿಜಿ ಸರಿಯಿತ್ತು, ಶುಗರ್ ಗಡಿಯಲ್ಲಿ ನಿಂತಿತ್ತು. ಏನು ಕೆಲಸ ಅಂತ ಕೇಳಿದರು. ಎಪಿಎಂಸಿ ಹತ್ತಿರ ಬೀಜ, ಗೊಬ್ಬರದ ಅಂಗಡಿ ಅಂದೆ. "ಓಹೋ, ಈಗ ಯೂರಿಯಾ ಗಲಾಟೆ ಅಲ್ವಾ" ಅಂತ ನಕ್ಕು ಒಂದು ಮಾತ್ರೆ ಬರೆದರು. ಉಪ್ಪು ಕಡಿಮೆ ಮಾಡಿ, ದಿನಾ ಅರ್ಧ ಗಂಟೆ ನಡೀರಿ, ಬೆಳಿಗ್ಗೆ ಹದಿನೈದು ಇಪ್ಪತ್ತು ನಿಮಿಷ ಕಣ್ಣು ಮುಚ್ಚಿ ಸುಮ್ನೆ ಕೂತ್ಕೊಳ್ಳಿ ಅಂದರು.

"ಸುಮ್ನೆ ಕೂರೋಕೆ ಟೈಮ್ ಇದ್ದಿದ್ರೆ ಬಿಪಿ ಯಾಕೆ ಬರ್ತಿತ್ತು ಸರ್?" ಅಂದೆ.

"ಟೈಮ್ ಇಲ್ಲದವರಿಗೇ ಹೇಳೋದು" ಅಂತ ಮುಂದಿನವರನ್ನು ಕರೆದರು.

ಯೂರಿಯಾ ಗಲಾಟೆ ಅಂದರೆ ಏನು ಅಂತ ಆ ಅಂಗಡಿಯ ಗಲ್ಲಾದಲ್ಲಿ ಕೂತವರಿಗೇ ಗೊತ್ತು. ಆ ವರ್ಷ ಮಳೆ ಬೇಗ ಬಂದಿತ್ತು, ಎಲ್ಲರೂ ಮೆಕ್ಕೆಜೋಳ ಹಾಕಿದ್ದರು, ಗೊಬ್ಬರ ಸಾಲದೆ ರಾಜ್ಯದ ತುಂಬ ಅಂಗಡಿಗಳ ಮುಂದೆ ಸಾಲು. 45 ಕೆಜಿ ಮೂಟೆ, 266 ರೂಪಾಯಿ 50 ಪೈಸೆ. ಆ ಐವತ್ತು ಪೈಸೆಗೇ ದಿನಕ್ಕೆ ಎರಡು ಜಗಳ. ಆಧಾರ್ ನಂಬರ್ ಹಾಕಿ ಪಿಒಎಸ್ ಮಷಿನ್ ಮೇಲೆ ಹೆಬ್ಬೆಟ್ಟು ಒತ್ತಿದರೇ ಬಿಲ್ಲು. ಮಣ್ಣು ಕೆಲಸ ಮಾಡಿ ಸವೆದ ಹೆಬ್ಬೆರಳನ್ನು ಆ ಮಷಿನ್ ಗುರುತು ಹಿಡಿಯುವುದಿಲ್ಲ. ಒರೆಸಿ ಇಡಿ ಅನ್ನಬೇಕು. ಇನ್ನೊಂದು ಬೆರಳು ಇಡಿ ಅನ್ನಬೇಕು. ಅಷ್ಟರಲ್ಲಿ ಸರ್ವರ್ ಹೋಗುತ್ತದೆ. ಹಿಂದಿನಿಂದ ಯಾರೋ "ಬೇಕು ಅಂತ ನಿಲ್ಲಿಸವ್ನೆ, ಒಳಗೆ ಸ್ಟಾಕ್ ಮಡಗಿಕೊಂಡವ್ನೆ" ಅಂತ ಕೂಗುತ್ತಾರೆ. ನಾನು ಎದ್ದು ನಿಂತು ಕೂಗುತ್ತೇನೆ. ಇಪ್ಪತ್ತು ವರ್ಷದಿಂದ ಗೊತ್ತಿರುವ ಜನ, ನಾನೂ ಅವರ ಹಾಗೇ ಗದ್ದೆ ಮಾಡುವ ಮನೆಯಿಂದ ಬಂದವನು, ಆದರೂ ಇಬ್ಬರೂ ಗಂಟಲು ಹರಿಯುವ ಹಾಗೆ ಕೂಗಾಡಿ ಸಂಜೆ ಮನೆಗೆ ಹೋದರೆ ಊಟದ ತಟ್ಟೆ ಮುಂದೆಯೂ ನನ್ನ ತಲೆಯಲ್ಲಿ ಆ ಜಗಳ ನಡೆಯುತ್ತಲೇ ಇರುತ್ತಿತ್ತು. ನಾನು ಏನು ಹೇಳಬೇಕಿತ್ತು, ಅವನು ಅದಕ್ಕೆ ಏನು ಅನ್ನುತ್ತಿದ್ದ, ಅದಕ್ಕೆ ನಾನು ಹೇಗೆ ಬಾಯಿ ಮುಚ್ಚಿಸುತ್ತಿದ್ದೆ. ರಾತ್ರಿ ಎರಡು ಗಂಟೆಗೆ ಎಚ್ಚರಾದರೆ ಅದೇ ಜಗಳ, ಮೊದಲಿಂದ.

ಹಾಗಾಗಿ ಕೂತೆ. ಮೊದಲ ದಿನ ಫೋನಿನಲ್ಲಿ ಒಂದು ಆಪ್ ಹಾಕಿಕೊಂಡು ಕೂತೆ. ಒಬ್ಬ ಹೆಂಗಸು ಮೆತ್ತಗೆ ಇಂಗ್ಲಿಷಿನಲ್ಲಿ, ನೀವು ಸಮುದ್ರದ ದಂಡೆಯಲ್ಲಿ ಮಲಗಿದ್ದೀರಿ ಅಂತ ಹೇಳಿದಳು. ನಾನು ಸಮುದ್ರ ನೋಡಿರೋದು ಮಂಗಳೂರಿನಲ್ಲಿ ಎರಡು ಸಲ, ಎರಡು ಸಲವೂ ಗೊಬ್ಬರದ ಲೋಡ್ ವಿಷಯಕ್ಕೆ ಹೋದಾಗ. ಸಮುದ್ರ ಅಂದ ತಕ್ಷಣ ಲಾರಿ ಬಾಡಿಗೆ ನೆನಪಾಯಿತು. ಎರಡನೇ ದಿನ ದೇವರ ಮನೆ ಮುಂದೆ ಕೂತೆ. ಕುಕ್ಕರ್ ಮೂರು ವಿಶಲ್ ಹಾಕಿತು, ಎಡಗಾಲು ಜೋಮು ಹಿಡಿಯಿತು, ಅಡಿಗೆ ಮನೆಯಿಂದ "ರೀ, ಕೂತಲ್ಲೇ ನಿದ್ದೆ ಹೋದ್ರಾ?" ಅಂತ ಕೂಗು ಬಂತು. ಗಡಿಯಾರ ನೋಡಿದರೆ ನಾಲ್ಕು ನಿಮಿಷ. ನನ್ನ ಲೆಕ್ಕದಲ್ಲಿ ಅರ್ಧ ಗಂಟೆ ಆಗಿರಬೇಕಿತ್ತು.

ನಮ್ಮ ಪಕ್ಕದ ಮನೆಯಲ್ಲಿ ಒಬ್ಬರು ಅಜ್ಜಿ ಇದ್ದಾರೆ. ಜೈನರು. ವಯಸ್ಸು ಎಂಬತ್ತರ ಹತ್ತಿರ. ಸೂರ್ಯ ಮುಳುಗುವ ಮೊದಲೇ ಊಟ ಮುಗಿಸುತ್ತಾರೆ, ಆಮೇಲೆ ಜಗಲಿಯ ಒಳಗಿನ ಕೋಣೆಯಲ್ಲಿ ಸಾಮಾಯಿಕಕ್ಕೆ ಕೂರುತ್ತಾರೆ. ಸಾಮಾಯಿಕ ಅಂದರೆ ಎರಡು ಗಳಿಗೆ ಹೊತ್ತು, ನಮ್ಮ ಲೆಕ್ಕದಲ್ಲಿ 48 ನಿಮಿಷ, ಲೋಕದ ವ್ಯವಹಾರ ಎಲ್ಲಾ ಬಿಟ್ಟು ಒಂದೇ ಕಡೆ ಕೂರೋದು. ಹರೆಯದಿಂದ ಮಾಡುತ್ತಾ ಬಂದಿದ್ದಾರಂತೆ. ನಾನು ಈ ಮನೆಗೆ ಬಂದು ಹದಿನಾಲ್ಕು ವರ್ಷ ಆಯಿತು, ಆ ಹೊತ್ತಿನಲ್ಲಿ ಅವರ ಮನೆ ಬಾಗಿಲು ತಟ್ಟಬಾರದು ಅನ್ನೋದು ಬಿಟ್ಟರೆ ಅದರ ಬಗ್ಗೆ ಬೇರೇನೂ ಯೋಚನೆ ಮಾಡಿರಲಿಲ್ಲ.

ಒಂದು ದಿನ ಕಾಂಪೌಂಡ್ ಹತ್ತಿರ ಸಿಕ್ಕಾಗ ಕೇಳಿಯೇ ಬಿಟ್ಟೆ. "ಅಜ್ಜಿ, ನಲವತ್ತೆಂಟು ನಿಮಿಷ ಮನಸ್ಸು ಹೆಂಗೆ ನಿಲ್ಸ್ತೀರಾ?"

"ಯಾರು ನಿಲ್ಸ್ತಾರೆ?" ಅಂದರು. "ನಿಂತಿದ್ರೆ ನಾನ್ಯಾಕಪ್ಪ ಅರವತ್ತು ವರ್ಷದಿಂದ ದಿನಾ ಕೂರ್ಬೇಕಿತ್ತು? ಈವತ್ತು ಸಾರಿಗೆ ಉಪ್ಪು ಹಾಕಿದ್ನಾ ಇಲ್ವಾ ಅಂತ ಹೋಯ್ತು. ಮಗಳು ಫೋನ್ ಮಾಡ್ಲಿಲ್ಲ ಅಂತ ಹೋಯ್ತು. ಹೋದಾಗ ಗೊತ್ತಾಗುತ್ತೆ, ಕರ್ಕೊಂಡು ಬರ್ತೀನಿ. ಬೈಕೊಂಡು ಬರಬೇಡ ಅಷ್ಟೇ. ಬೈದ್ರೆ ಅದೂ ಒಂದು ಹೋಗೋ ದಾರಿನೇ."

ನಾನು ಇಷ್ಟು ದಿನ ಮಾಡುತ್ತಿದ್ದುದು ಅದನ್ನೇ. ಮನಸ್ಸು ಅಂಗಡಿಗೆ ಓಡುತ್ತಿತ್ತು, ನಾನು ನನ್ನನ್ನೇ ಬೈದುಕೊಳ್ಳುತ್ತಿದ್ದೆ, ನಿನ್ನ ಕೈಲಿ ಇದೂ ಆಗಲ್ಲ ಅಂತ ಎದ್ದುಬಿಡುತ್ತಿದ್ದೆ. ಧ್ಯಾನ ಅಂದರೆ ತಲೆ ಖಾಲಿ ಮಾಡಿಕೊಳ್ಳೋದು ಅಂತ ಯಾರು ಹೇಳಿಕೊಟ್ಟರೋ ಗೊತ್ತಿಲ್ಲ, ನಮ್ಮಲ್ಲಿ ಮುಕ್ಕಾಲು ಪಾಲು ಜನ ಹಾಗೇ ಅಂದುಕೊಂಡಿದ್ದೇವೆ, ಎರಡು ದಿನ ಕೂತು ಖಾಲಿ ಆಗಲಿಲ್ಲ ಅಂತ ಬಿಟ್ಟುಬಿಡುತ್ತೇವೆ. ಓಡಿಹೋಗಿದ್ದು ಗೊತ್ತಾಗೋದು, ವಾಪಸ್ ಬರೋದು, ಇವೆರಡೇ ಕೆಲಸ. ಜಿಮ್ಮಿನಲ್ಲಿ ತೂಕ ಎತ್ತಿ ಇಳಿಸಿದ ಹಾಗೆ. ಇಪ್ಪತ್ತು ಸಲ ಓಡಿದರೆ ಇಪ್ಪತ್ತು ಸಲ ಎತ್ತಿದ ಹಾಗಾಯಿತು.

ನನ್ನ ಮಗಳು ಮಂಗಳೂರಿನಲ್ಲಿ ಫಿಸಿಯೋಥೆರಪಿ ಓದುತ್ತಾಳೆ. ಅಪ್ಪ ಧ್ಯಾನಕ್ಕೆ ಕೂತ ಅಂತ ಅಮ್ಮನಿಂದ ಗೊತ್ತಾಗಿ ಮೊದಲು ಒಂದು ಗಂಟೆ ನಕ್ಕಳು, ಆಮೇಲೆ ಒಂದೊಂದೇ ಸಂಶೋಧನೆಯ ಪೇಪರ್ ಕಳಿಸೋಕೆ ಶುರು ಮಾಡಿದಳು. ಭಾನುವಾರ ಫೋನಿನಲ್ಲಿ ಕನ್ನಡದಲ್ಲಿ ಬಿಡಿಸಿ ಹೇಳುತ್ತಾಳೆ. ಅದರಲ್ಲಿ ನನಗೆ ತುಂಬಾ ಹಿಡಿಸಿದ್ದು 2010ರದ್ದು. ಅಮೆರಿಕದ ಹಾರ್ವರ್ಡ್‌ನವರು ಒಂದು ಫೋನ್ ಆಪ್ ಮಾಡಿ, 2250 ಜನರನ್ನು ದಿನದ ಮಧ್ಯೆ ಯಾವಾಗ ಬೇಕಾದರೂ ಹಿಡಿದು ಕೇಳಿದರಂತೆ: ಈಗ ಏನು ಮಾಡ್ತಿದ್ದೀರಿ, ಮನಸ್ಸು ಅದರಲ್ಲೇ ಇದೆಯಾ, ಖುಷಿಯಾಗಿದ್ದೀರಾ? ಹೆಚ್ಚುಕಡಿಮೆ 47 ಪರ್ಸೆಂಟ್ ಸಲ ಮನಸ್ಸು ಮಾಡುತ್ತಿದ್ದ ಕೆಲಸದಲ್ಲಿ ಇರಲೇ ಇಲ್ಲ. ಹಾಗೆ ಬೇರೆ ಕಡೆ ಹೋಗಿದ್ದಾಗ ಜನ ಜಾಸ್ತಿ ಖುಷಿಯಾಗೂ ಇರಲಿಲ್ಲ. ಅಂದರೆ ಎಲ್ಲರದ್ದೂ ಇದೇ ಕಥೆ. ನಾನೊಬ್ಬನೇ ಊಟದ ತಟ್ಟೆ ಮುಂದೆ ಜಗಳ ಆಡುವವನಲ್ಲ ಅಂತ ತಿಳಿದು, ಯಾಕೋ ಸ್ವಲ್ಪ ಸಮಾಧಾನ ಆಯಿತು.

ಉಸಿರು ಎಣಿಸೋದನ್ನು ಹೇಳಿಕೊಟ್ಟಿದ್ದೂ ಅಜ್ಜಿಯೇ. ಅವರಲ್ಲಿ ಕಾಯೋತ್ಸರ್ಗ ಅಂತ ಇದೆ. ಕಾಯ ಅಂದರೆ ಮೈ, ಉತ್ಸರ್ಗ ಅಂದರೆ ಬಿಡೋದು. ಒಂದು ಕಾಯೋತ್ಸರ್ಗಕ್ಕೆ ಒಂಬತ್ತು ಸಲ ಣಮೋಕಾರ ಮಂತ್ರ, ಒಂದು ಮಂತ್ರಕ್ಕೆ ಮೂರು ಉಸಿರು, ಒಟ್ಟು 27 ಉಸಿರು. ನಾನು ಜೈನನಲ್ಲ, ಮಂತ್ರ ಬರೋದಿಲ್ಲ, ಸುಮ್ನೆ ಒಂದರಿಂದ ಇಪ್ಪತ್ತೇಳರ ತನಕ ಎಣಿಸಲಾ ಅಂತ ಕೇಳಿದೆ. "ಎಣಿಸು, ದೇವರೇನು ಬೇಜಾರು ಮಾಡ್ಕೊಳ್ಳಲ್ಲ" ಅಂದರು. ಮೊದಲ ವಾರ ಏಳು ದಾಟಲಿಲ್ಲ. ಏಳು ಅನ್ನುವಷ್ಟರಲ್ಲಿ ಯಾರದೋ ಸಾಲದ ಲೆಕ್ಕ. ಮತ್ತೆ ಒಂದು. ಒಂದು ದಿನ ಹುಷಾರಾಗಿ ಎಣಿಸಿಕೊಂಡು ಹೋಗಿ ಕಣ್ಣು ಬಿಟ್ಟಾಗ ನಾನು ನಲವತ್ಮೂರರಲ್ಲಿದ್ದೆ, ಇಪ್ಪತ್ತೇಳು ಯಾವಾಗ ಹೋಯಿತೋ ಗೊತ್ತೇ ಇಲ್ಲ. ಬಾಯಿ ಎಣಿಸುತ್ತಿತ್ತು, ನಾನು ಮಾತ್ರ ಚನ್ನರಾಯಪಟ್ಟಣದ ಒಬ್ಬ ಬಾಕಿದಾರನ ಮನೆಗೆ ಹೋಗಿದ್ದೆ.

ಇದನ್ನು ಹೇಳಿದರೆ ಮಗಳು 2001ರ ಒಂದು ಅಧ್ಯಯನ ತೆಗೆದಳು. ಇಟಲಿಯ ಡಾಕ್ಟರುಗಳು 23 ಜನರ ಕೈಲಿ ಒಂದು ಸಲ ಕ್ರೈಸ್ತರ ಜಪಮಾಲೆಯ ಪ್ರಾರ್ಥನೆ, ಇನ್ನೊಂದು ಸಲ ಬೌದ್ಧರ ಓಂ ಮಣಿ ಪದ್ಮೇ ಹೂಂ ಮಂತ್ರ ಹೇಳಿಸಿ ಅಳತೆ ಮಾಡಿದ್ದರು. ಎರಡರಲ್ಲೂ ಉಸಿರು ತಾನಾಗಿ ನಿಮಿಷಕ್ಕೆ ಆರರ ಹತ್ತಿರ ಬಂದು ನಿಂತಿತು. ಸಾಮಾನ್ಯವಾಗಿ ನಾವು ನಿಮಿಷಕ್ಕೆ ಹನ್ನೆರಡರಿಂದ ಇಪ್ಪತ್ತು ಸಲ ಉಸಿರಾಡುತ್ತೇವೆ. ಆರಕ್ಕೆ ಇಳಿದಾಗ ಹೃದಯದ ಬಡಿತ, ರಕ್ತದ ಒತ್ತಡ ಎರಡೂ ಉಸಿರಿನ ಜೊತೆ ಒಂದೇ ತಾಳಕ್ಕೆ ಬಂದವಂತೆ. ಜಪಮಾಲೆ ಹಿಡಿದ ರೋಮಿನ ಅಜ್ಜಿಯೂ ನಮ್ಮ ಪಕ್ಕದ ಮನೆ ಅಜ್ಜಿಯೂ ಒಂದೇ ಲಯಕ್ಕೆ ಬಂದು ಕೂತಿದ್ದಾರೆ, ಇಬ್ಬರಿಗೂ ಯಾವ ಪೇಪರೂ ಗೊತ್ತಿಲ್ಲ.

ಬೇಕಾದರೆ ಈಗಲೇ ನೋಡಿ. ಹೆಬ್ಬೆರಳ ಬುಡದ ಕೆಳಗೆ, ಮಣಿಕಟ್ಟಿನ ಹತ್ತಿರ, ಎರಡು ಬೆರಳಿಟ್ಟು ನಾಡಿ ಹಿಡಿಯಿರಿ. ಮೆತ್ತಗೆ ಉಸಿರು ಎಳೆದುಕೊಳ್ಳಿ, ಬಡಿತ ಸ್ವಲ್ಪ ಚುರುಕಾಗುತ್ತದೆ. ಉದ್ದಕ್ಕೆ ಬಿಡಿ, ಬಡಿತದ ನಡುವೆ ಜಾಗ ಜಾಸ್ತಿ ಆಗುತ್ತದೆ. ನನಗೆ ಇದು ಮೊದಲ ಸಲ ಬೆರಳಿಗೆ ಸಿಕ್ಕಿದ ದಿನ ಚಿಕ್ಕ ಹುಡುಗನ ಹಾಗೆ ಹೆಂಡತಿಯನ್ನು ಕರೆದು ತೋರಿಸಿದೆ. ಮೆದುಳಿನಿಂದ ಹೊರಟು ಕುತ್ತಿಗೆ, ಎದೆ, ಹೊಟ್ಟೆ ತನಕ ಇಳಿಯುವ ವೇಗಸ್ ಅನ್ನೋ ನರ ಒಂದಿದೆ, ಅದು ಹೃದಯಕ್ಕೆ ಬ್ರೇಕ್ ಇದ್ದ ಹಾಗೆ. ಉಸಿರು ಎಳೆಯುವಾಗ ಬ್ರೇಕ್ ಸಡಿಲ ಆಗುತ್ತದೆ, ಬಿಡುವಾಗ ಹಿಡಿಯುತ್ತದೆ. ಸಿಟ್ಟು, ಗಾಬರಿಯಲ್ಲಿ ನಾವು ಬರೀ ಎಕ್ಸಲರೇಟರ್ ಒತ್ತಿಕೊಂಡೇ ಇರುತ್ತೇವೆ. ಅಡ್ರಿನಲಿನ್ ಹರಿಯುತ್ತದೆ, ರಕ್ತನಾಳ ಬಿಗಿಯುತ್ತದೆ, ಬಿಪಿ ಏರುತ್ತದೆ. ಅಂಗಡಿ ಮುಂದೆ ಕೂಗಾಡಿದ್ದು ಐದು ನಿಮಿಷ, ಆದರೆ ರಾತ್ರಿ ತನಕ ತಲೆಯಲ್ಲಿ ಅದನ್ನೇ ತಿರುಗಿಸಿದರೆ ಪಾಪ ಮೈಗೆ ಜಗಳ ಮುಗಿದಿದ್ದು ಹೇಗೆ ಗೊತ್ತಾಗಬೇಕು?

1970ರ ದಶಕದಲ್ಲೇ ಹರ್ಬರ್ಟ್ ಬೆನ್ಸನ್ ಅನ್ನೋ ಹೃದಯದ ಡಾಕ್ಟರು ಧ್ಯಾನ ಮಾಡುವವರನ್ನು ಕೂರಿಸಿ ಅಳೆದು, ಅವರ ಉಸಿರು ನಿಧಾನ ಆಗುತ್ತದೆ, ಮೈ ಬಳಸುವ ಆಮ್ಲಜನಕ ಕಡಿಮೆ ಆಗುತ್ತದೆ ಅಂತ ತೋರಿಸಿದ್ದರು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಓಂ ಹೇಳಿಸುತ್ತಾ ಮೆದುಳಿನ ಸ್ಕ್ಯಾನ್ ತೆಗೆದು 2011ರಲ್ಲಿ ಒಂದು ಪೇಪರ್ ಬಂದಿದೆ. ಒಮ್ಮೆ ಓಂ, ಒಮ್ಮೆ ಬರೀ ಸ್ಸ್ಸ್ ಅಂತ ಹೇಳಿಸಿ ಹೋಲಿಸಿದಾಗ, ಓಂ ಹೇಳುವಾಗ ಮಾತ್ರ ಭಯ, ಸಿಟ್ಟಿನ ಜೊತೆ ಸಂಬಂಧ ಇರುವ ಭಾಗಗಳು ತಣ್ಣಗಾಗಿದ್ದವು. ಅದು ಸಣ್ಣ ಅಧ್ಯಯನ, ಜಾಸ್ತಿ ಹಾರಾಡಬೇಡ ಅಂತ ಮಗಳೇ ಎಚ್ಚರಿಸಿದಳು.

ಎಚ್ಚರಿಸಬೇಕಾದ್ದೇ. ಯಾಕಂದರೆ ಇದರ ಹೆಸರಲ್ಲಿ ಊರೂರಲ್ಲಿ ಏನೇನೋ ಮಾರುತ್ತಾರೆ. ನಾನೂ ಒಂದು ಭಾನುವಾರ ದುಡ್ಡು ಕಟ್ಟಿ ಒಂದು ಕಲ್ಯಾಣ ಮಂಟಪದಲ್ಲಿ ಕೂತು ಬಂದೆ. ವೇದಿಕೆ ಮೇಲಿದ್ದವರು ನಲವತ್ತು ದಿನದಲ್ಲಿ ಶುಗರ್ ಮಾತ್ರೆ ಬಿಸಾಕ್ತೀರಿ ಅಂದರು, ಜನ ಚಪ್ಪಾಳೆ ಹೊಡೆದರು. ನನ್ನ ಮುಂದೆ ಕೂತಿದ್ದ ನಮ್ಮ ಕಡೆಯವರೊಬ್ಬರು ನಿಜವಾಗಿಯೂ ಮಾತ್ರೆ ಬಿಟ್ಟರು, ಹದಿನೈದು ದಿನಕ್ಕೆ ಆಸ್ಪತ್ರೆ ಸೇರಿದರು. ಇಂಥದ್ದಕ್ಕೆ ಬೈಗುಳ ಬಿಟ್ಟು ಬೇರೆ ಮಾತು ನನ್ನ ಹತ್ತಿರ ಇಲ್ಲ.

ನಿಜ ಏನು ಅಂದರೆ, 2014ರಲ್ಲಿ ಅಮೆರಿಕದ ಸಂಶೋಧಕರು 47 ಪ್ರಯೋಗಗಳನ್ನು, ಮೂರೂವರೆ ಸಾವಿರ ಜನರ ಲೆಕ್ಕವನ್ನು ಒಟ್ಟಿಗೆ ಇಟ್ಟು ನೋಡಿದರು. ಆತಂಕ, ಖಿನ್ನತೆ, ನೋವು ಇವಕ್ಕೆ ಧ್ಯಾನದಿಂದ ಸಣ್ಣದರಿಂದ ಮಧ್ಯಮ ಮಟ್ಟದ ಸಹಾಯ ಆಗುತ್ತದೆ. ನಿದ್ದೆಗೆ, ತೂಕಕ್ಕೆ ಆಗುತ್ತದೆ ಅನ್ನೋಕೆ ಅಲ್ಲಿ ಸಾಕಷ್ಟು ಪುರಾವೆ ಸಿಗಲಿಲ್ಲ. ವ್ಯಾಯಾಮಕ್ಕಿಂತ, ಔಷಧಿಗಿಂತ ಧ್ಯಾನವೇ ಮೇಲು ಅನ್ನೋದಕ್ಕೂ ಪುರಾವೆ ಸಿಗಲಿಲ್ಲ. 2017ರಲ್ಲಿ ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಕೂಡ ಇದೇ ಧಾಟಿಯಲ್ಲಿ, ಡಾಕ್ಟರು ಹೇಳಿದ ಔಷಧ, ಊಟ, ನಡಿಗೆ ಎಲ್ಲದರ ಜೊತೆಗೆ ಧ್ಯಾನವನ್ನೂ ಇಟ್ಟುಕೊಳ್ಳಬಹುದು, ಅವುಗಳ ಬದಲಿಗೆ ಅಲ್ಲ ಅಂತ ಹೇಳಿತು. ಸಾರಿನ ಜೊತೆ ಉಪ್ಪಿನಕಾಯಿ ಇದ್ದ ಹಾಗೆ ಅಂದುಕೊಳ್ಳಿ. ಉಪ್ಪಿನಕಾಯಿಯನ್ನೇ ಊಟ ಮಾಡೋಕೆ ಹೋಗಬೇಡಿ, ಅದರಲ್ಲೂ ಬಿಪಿ ಇರುವವರು!

ನನ್ನ ಲೆಕ್ಕ ಹೇಳುತ್ತೇನೆ. 158/98 ಇದ್ದದ್ದು ಮೂರು ತಿಂಗಳಿಗೆ 140/90ರ ಆಸುಪಾಸು ಬಂತು, ಈಗ ಹತ್ತು ತಿಂಗಳಾಗಿದೆ, 132/84 ಇರುತ್ತದೆ. ಮಾತ್ರೆ ಬಿಟ್ಟಿಲ್ಲ, ಡಾಕ್ಟರು ಡೋಸ್ ಬದಲಾಯಿಸಿಯೂ ಇಲ್ಲ. ಇದರಲ್ಲಿ ಮಾತ್ರೆಯದ್ದೆಷ್ಟು, ಮಹಾರಾಜ ಪಾರ್ಕ್ ಸುತ್ತಿದ್ದೆಷ್ಟು, ಹಪ್ಪಳ ಬಿಟ್ಟಿದ್ದೆಷ್ಟು, ಕೂತಿದ್ದೆಷ್ಟು ಅಂತ ಪಾಲು ಮಾಡೋಕೆ ಬರೋದಿಲ್ಲ. ನಿದ್ದೆ ಮಾತ್ರ ಸುಧಾರಿಸಿದೆ, ಪೇಪರ್ ಏನೇ ಹೇಳಲಿ. ಎರಡು ಗಂಟೆಗೆ ಎಚ್ಚರ ಈಗಲೂ ಆಗುತ್ತದೆ. ಜಗಳ ಶುರುವಾಗುವ ಹೊತ್ತಿಗೆ, ಓ ಇದು ಹಳೇ ರೀಲು ಅಂತ ಗೊತ್ತಾಗಿ ಒಂದು, ಎರಡು ಅಂತ ಎಣಿಸೋಕೆ ಶುರು ಮಾಡುತ್ತೇನೆ, ಹನ್ನೆರಡೋ ಹದಿಮೂರೋ ನೆನಪಿರುತ್ತದೆ, ಆಮೇಲೆ ಬೆಳಿಗ್ಗೆ.

ಸೊಂಟದ ನೋವಿನದ್ದು ಬೇರೆಯೇ ಕಥೆ. ಇಪ್ಪತ್ತು ವರ್ಷ ಮೂಟೆ ಎತ್ತಿದ ಸೊಂಟ. 1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನ ಒಂದು ಮೆಡಿಕಲ್ ಕಾಲೇಜಿನಲ್ಲಿ ಜಾನ್ ಕಬಟ್-ಜಿನ್ ಅನ್ನುವವರು, ಹಳೇ ನೋವಿಗೆ ಡಾಕ್ಟರುಗಳ ಹತ್ತಿರ ಮಾಡೋಕೆ ಬೇರೇನೂ ಉಳಿಯದ ರೋಗಿಗಳನ್ನು ಸೇರಿಸಿಕೊಂಡು ಧ್ಯಾನದ ತರಬೇತಿ ಶುರು ಮಾಡಿದ್ದರಂತೆ. ಅದರಲ್ಲಿ ಹೇಳುವುದು, ನೋವಿದ್ದ ಕಡೆಯೇ ಹೋಗಿ ನೋಡಿ ಅಂತ. ನಾನೂ ನೋಡಿದೆ. ನೋವು ಅಂತ ನಾನು ಕರೆಯುತ್ತಿದ್ದುದರಲ್ಲಿ ಎಡಗಡೆ ಒಂದು ಅಂಗೈ ಅಗಲದ ಬಿಗಿತ, ಅದರ ಮಧ್ಯೆ ಸೂಜಿ ಚುಚ್ಚಿದ ಹಾಗೆ ಬಂದು ಹೋಗುವ ಒಂದು ಚುಕ್ಕೆ ಇತ್ತು. ಉಳಿದದ್ದೆಲ್ಲ ಇದು ಆಪರೇಷನ್‌ಗೆ ಹೋಗುತ್ತೇನೋ, ಅಂಗಡಿ ಯಾರು ನೋಡ್ತಾರೆ, ಮಗಳ ಫೀಸು ಹೆಂಗೆ ಅನ್ನೋ ಲೆಕ್ಕಾಚಾರ. ಅಂಗೈ ಅಗಲದ್ದು ಇನ್ನೂ ಇದೆ.

ಹೇಗೆ ಕೂರುತ್ತೀರಿ ಅಂತ ಅಂಗಡಿಗೆ ಬರುವವರು ಕೇಳುತ್ತಾರೆ. ಅದರಲ್ಲಿ ಏನೂ ಇಲ್ಲ. ಬೆಳಿಗ್ಗೆ ಐದೂವರೆ, ಮುಖ ತೊಳೆದು, ಫೋನ್ ಮುಟ್ಟುವ ಮೊದಲು. ಫೋನ್ ಮುಟ್ಟಿದರೆ ಆ ದಿನ ಮುಗಿಯಿತು. ನೆಲದಲ್ಲಿ ಕೂರೋಕೆ ಆಗದೆ ಎರಡು ತಿಂಗಳು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತೆ, ಈಗ ಜಮಖಾನ ನಾಲ್ಕು ಮಡಿಕೆ ಮಾಡಿ ಅದರ ಮೇಲೆ. ಬೆನ್ನು ನೆಟ್ಟಗಿರಲಿ, ಸೆಟೆದುಕೊಳ್ಳೋದು ಬೇಡ. 27 ಉಸಿರಿನ ನಾಲ್ಕೈದು ಸುತ್ತು, ಹೆಚ್ಚುಕಡಿಮೆ ಇಪ್ಪತ್ತು ನಿಮಿಷ. ಊಟ ಮಾಡಿ ಕೂತರೆ ನಿದ್ದೆ ಗ್ಯಾರಂಟಿ. ತಪ್ಪಿಸಿದ ದಿನಗಳೂ ಇವೆ. ಹಾಸನಾಂಬೆ ಬಾಗಿಲು ತೆಗೆದಾಗ ಮನೆ ತುಂಬ ನೆಂಟರು, ನಡುಮನೆಯಲ್ಲಿ ಕಾಲಿಡೋಕೆ ಜಾಗ ಇಲ್ಲದಷ್ಟು ಹಾಸಿಗೆ, ಎಂಟು ದಿನ ಕೂರಲಿಲ್ಲ. ದರ್ಶನದ ಸಾಲಿನಲ್ಲಿ ನಿಂತಾಗ ಎಣಿಸೋಣ ಅಂತ ನೋಡಿದೆ, ಹಿಂದಿನವರ ಬ್ಯಾಗು ನನ್ನ ಬೆನ್ನಿಗೆ ಗುದ್ದುತ್ತಿತ್ತು, ಒಂಬತ್ತಕ್ಕೆ ಬಿಟ್ಟುಬಿಟ್ಟೆ. ಹತ್ತು ದಿನ ಮೌನದ ಶಿಬಿರಕ್ಕೆ ಬಾ ಅಂತ ಸ್ನೇಹಿತರೊಬ್ಬರು ಕರೆದರು. ಹತ್ತು ದಿನ ನಾನು ಬಾಯಿ ಮುಚ್ಚಿಕೊಂಡರೆ ಬಾಕಿ ವಸೂಲಿ ಯಾರು ಮಾಡುತ್ತಾರೆ? ತಮಾಷೆ ಇರಲಿ, ಅಂಥ ದೊಡ್ಡ ಶಿಬಿರ ಎಲ್ಲರಿಗೂ ಆಗಿಬರೋದಿಲ್ಲ. ಮನಸ್ಸಿನ ಕಾಯಿಲೆಗೆ ಚಿಕಿತ್ಸೆ ತೆಗೆದುಕೊಳ್ಳುತ್ತಿರುವವರು ಡಾಕ್ಟರನ್ನು ಕೇಳದೆ ಹೋಗಲೇಬಾರದು.

ಜನವರಿಯಲ್ಲಿ ಅಜ್ಜಿಗೆ ಶ್ರವಣಬೆಳಗೊಳಕ್ಕೆ ಹೋಗಬೇಕು ಅನ್ನಿಸಿತು. ಮೊಮ್ಮಗನಿಗೆ ರಜ ಸಿಗಲಿಲ್ಲ, ನಾನೇ ಕಾರಿನಲ್ಲಿ ಕರೆದುಕೊಂಡು ಹೋದೆ. ಹಾಸನದಿಂದ ಒಂದು ಗಂಟೆ ದಾರಿ. ವಿಂಧ್ಯಗಿರಿಯ ಆರುನೂರಕ್ಕೂ ಹೆಚ್ಚು ಮೆಟ್ಟಿಲನ್ನು ಅಜ್ಜಿ ಡೋಲಿಯಲ್ಲಿ ಏರಿದರು, ನಾನು ಬರಿಗಾಲಲ್ಲಿ ಪಕ್ಕದಲ್ಲಿ ಏದುಸಿರು ಬಿಡುತ್ತಾ ಹೋದೆ. ಬಂಡೆ ಆ ಹೊತ್ತಿನಲ್ಲಿ ಐಸಿನ ಹಾಗೆ. ಗೊಮ್ಮಟನನ್ನು ನಾನು ಸ್ಕೂಲಿನ ಟೂರಿನಿಂದ ಹಿಡಿದು ನಾಲ್ಕೈದು ಸಲ ನೋಡಿದ್ದೇನೆ. ಪ್ರತಿ ಸಲ ನೋಡಿದ್ದು ಎತ್ತರ. 58 ಅಡಿ, ಒಂದೇ ಕಲ್ಲು, ಚಾವುಂಡರಾಯ ಮಾಡಿಸಿದ್ದು, ಸಾವಿರ ವರ್ಷದ ಮೇಲಾಯಿತು, ಮುಗೀತು. ಈ ಸಲ ಅಜ್ಜಿ ಕೈ ಇಳಿಬಿಟ್ಟು ನಿಂತು ಕಾಯೋತ್ಸರ್ಗಕ್ಕೆ ಶುರು ಮಾಡಿದಾಗ, ಅರೇ, ಆ ವಿಗ್ರಹ ನಿಂತಿರೋದೂ ಅದೇ ಥರ ಅಲ್ವಾ ಅಂತ ಹೊಳೆಯಿತು. ಕಾಲ ಹತ್ತಿರ ಹುತ್ತ, ಅದರಿಂದ ಹೊರಬಂದ ಹಾವು, ತೊಡೆಯಿಂದ ತೋಳಿನ ತನಕ ಹಬ್ಬಿದ ಬಳ್ಳಿ. ನಾನು ಕೈ ನೋಡಿದೆ. ಅಷ್ಟು ದೊಡ್ಡ ಕೈಗಳು, ಎಲ್ಲೂ ಬಿಗಿ ಇಲ್ಲ. ಬೆರಳು ಹಾಗೇ ಇಳಿಬಿದ್ದಿವೆ. ನನ್ನ ಕೈ ನೋಡಿಕೊಂಡರೆ ಎಡಗೈ ಮುಷ್ಟಿ ಕಟ್ಟಿತ್ತು. ಯಾರ ಮೇಲೂ ಸಿಟ್ಟಿಲ್ಲದ ಹೊತ್ತಿನಲ್ಲಿ, ಬೆಟ್ಟದ ಮೇಲೆ, ಬೆಳಗಿನ ಎಂಟು ಗಂಟೆಗೆ. ಅವತ್ತಿನಿಂದ ಗಮನಿಸುತ್ತಿದ್ದೇನೆ, ಗಲ್ಲಾದಲ್ಲಿ ಕೂತಾಗ ಆ ಎಡಗೈ ದಿನಕ್ಕೆ ಹತ್ತು ಸಲ ಮುಷ್ಟಿ ಆಗಿರುತ್ತದೆ. ಸಿಟ್ಟು ತಲೆಗೆ ಬರುವ ಮೊದಲೇ ಕೈಗೆ ಬಂದಿರುತ್ತದೆ.

ಇಳಿಯುವಾಗ ಅರ್ಧ ದಾರಿಯಲ್ಲಿ ಡೋಲಿಯವರು ಸುಧಾರಿಸಿಕೊಳ್ಳೋಕೆ ನಿಂತರು. ಅಜ್ಜಿ ಕಥೆ ಹೇಳಿದರು. ಬಾಹುಬಲಿ ಅಣ್ಣ ಭರತನ ಜೊತೆ ರಾಜ್ಯಕ್ಕೆ ಯುದ್ಧ ಮಾಡಿ, ಗೆದ್ದು, ಗೆದ್ದ ಕ್ಷಣದಲ್ಲೇ ಎಲ್ಲಾ ಬಿಟ್ಟು ತಪಸ್ಸಿಗೆ ನಿಂತದ್ದು ನನಗೂ ಗೊತ್ತಿತ್ತು. ವರ್ಷ ಪೂರ್ತಿ ಅಲುಗಾಡದೆ ನಿಂತರೂ ಜ್ಞಾನ ಆಗಲಿಲ್ಲ ಅನ್ನೋದು ಮರೆತಿದ್ದೆ. ಯಾಕೆ ಅಜ್ಜಿ ಅಂದೆ.

"ಎಲ್ಲಾ ಬಿಟ್ಟಿದ್ದ. ನಾನು ನಿಂತಿರೋದು ಅಣ್ಣನ ನೆಲದ ಮೇಲೆ ಅನ್ನೋದೊಂದು ಮನಸ್ಸಲ್ಲಿ ಮುಳ್ಳಿನ ಹಾಗೆ ಉಳ್ಕೊಂಡಿತ್ತು" ಅಂದರು.

ನಾನು ಮಾತಾಡಲಿಲ್ಲ. ನನ್ನ ಮನೆಯ ಕಥೆ ಅಜ್ಜಿಗೆ ಗೊತ್ತಿಲ್ಲ. 2019ರಲ್ಲಿ ನಮ್ಮ ಮನೆಯ ಆಸ್ತಿ ಪಾಲಾಯಿತು. ಬೋರ್‌ವೆಲ್ ಇದ್ದ ಎರಡು ಎಕರೆ ಅಣ್ಣನಿಗೆ ಹೋಯಿತು, ನನಗೆ ಕೆರೆ ಹಿಂದಿನ ಗದ್ದೆ. ಆ ಬೋರ್ ಕೊರೆಸಿದ ದುಡ್ಡು ನನ್ನದು. ಅವತ್ತಿನಿಂದ ಮಾತಿಲ್ಲ. ಬೆಳಿಗ್ಗೆ ಕೂತಾಗ ಮೊದಲು ಅಂಗಡಿ ಬರುತ್ತದೆ, ಸಾಲ ಬರುತ್ತದೆ, ಅವೆಲ್ಲ ಬಂದು ಹೋಗುತ್ತವೆ. ಹದಿನೈದನೇ ನಿಮಿಷದ ಹೊತ್ತಿಗೆ, ಒಳ್ಳೇ ಶಾಂತವಾಗಿದ್ದೇನೆ ಅನ್ನುವಾಗ, ಆ ಬೋರ್‌ವೆಲ್ ಬರುತ್ತದೆ. ಪೈಪಿನ ಬಣ್ಣದ ಸಮೇತ. ಧ್ಯಾನ ಮಾಡಿದರೆ ನೆಮ್ಮದಿ ಅಂತ ಎಲ್ಲರೂ ಹೇಳುತ್ತಾರೆ, ಮೇಲಿನ ಕಸ ಸರಿದ ಮೇಲೆ ತಳದಲ್ಲಿ ಏನಿದೆ ಅಂತ ಕಾಣಿಸಿಬಿಡುತ್ತದೆ ಅನ್ನೋದನ್ನು ಯಾರೂ ಹೇಳಿರಲಿಲ್ಲ. ಕೆಲವು ದಿನ ಕೂತು ಎದ್ದ ಮೇಲೆ ಕೂರುವ ಮೊದಲಿಗಿಂತ ಜಾಸ್ತಿ ಸಿಟ್ಟಿರುತ್ತಿತ್ತು. ಈಗಲೂ ಬರುತ್ತದೆ. ಬಂತು ಅಂತ ಗೊತ್ತಾಗುತ್ತದೆ, ಮತ್ತೆ ಒಂದರಿಂದ ಎಣಿಸುತ್ತೇನೆ.

ಅಂಗಡಿಯಲ್ಲಿ ಮಷಿನ್ ಸರ್ವರ್ ಹೋದಾಗ ಈಗ ನನಗೊಂದು ಕೆಲಸ ಸಿಕ್ಕಿದೆ. ಪರದೆ ಮೇಲೆ ಆ ಚಕ್ರ ತಿರುಗುವಷ್ಟು ಹೊತ್ತು ಉಸಿರು ಎಣಿಸುತ್ತೇನೆ. ಸಾಮಾನ್ಯವಾಗಿ ಆರೇಳಕ್ಕೆ ಬರುತ್ತದೆ. ಬರದಿದ್ದರೆ ಹದಿನೈದು. ಜನ ಈಗಲೂ ಕೂಗುತ್ತಾರೆ, ನಾನೂ ವಾರಕ್ಕೊಂದು ಸಲ ಕೂಗುತ್ತೇನೆ, ಋಷಿ ಏನೂ ಆಗಿಲ್ಲ. ಅಂಗಡಿ ಹುಡುಗ ಮಾತ್ರ ಮೊನ್ನೆ ನನ್ನ ಹೆಂಡತಿ ಹತ್ತಿರ, "ಅಕ್ಕ, ಅಣ್ಣ ಈಗ ಬಯ್ಯೋದಕ್ಕೆ ಮುಂಚೆ ಸ್ವಲ್ಪ ಟೈಮ್ ಕೊಡ್ತಾರೆ, ನಾನು ಗೋಡೌನ್ ಕಡೆ ಹೋಗಿಬಿಡ್ತೀನಿ" ಅಂದನಂತೆ.

ಈಗ ಆಲೂಗಡ್ಡೆ ಬೀಜದ ಸೀಸನ್. ಜಲಂಧರ್ ಕಡೆಯಿಂದ ಲೋಡ್ ಬರುತ್ತಿವೆ, ಎಪಿಎಂಸಿ ರಸ್ತೆ ತುಂಬ ಲಾರಿ, ಕೊಳೆತ ಗೆಡ್ಡೆಯ ವಾಸನೆ. ಹೋದ ಮಂಗಳವಾರ ಮಧ್ಯಾಹ್ನ ತಲೆ ಎತ್ತಿದರೆ ಕೌಂಟರ್ ಮುಂದೆ ಅಣ್ಣ ನಿಂತಿದ್ದ. ಎಲ್ಲಾ ಅಂಗಡಿ ಸುತ್ತಿ ಬಂದಿದ್ದಾನೆ, ಎಲ್ಲೂ ಡಿಎಪಿ ಗೊಬ್ಬರ ಸಿಕ್ಕಿಲ್ಲ ಅಂತ ಮುಖ ನೋಡಿದರೆ ಗೊತ್ತಾಗುತ್ತಿತ್ತು. ಎರಡು ಮೂಟೆ ಅಂದ. ಕೌಂಟರ್ ಕೆಳಗೆ ನನ್ನ ಎಡಗೈ ಆಗಲೇ ಮುಷ್ಟಿ ಆಗಿತ್ತು. ಆಧಾರ್ ನಂಬರ್ ಹಾಕಿದೆ. ಅವನ ಹೆಬ್ಬೆರಳನ್ನು ಮಷಿನ್ ತೆಗೆದುಕೊಳ್ಳಲಿಲ್ಲ. ಪಂಚೆಗೆ ಒರೆಸಿ ಮತ್ತೆ ಇಟ್ಟ. ನಮ್ಮಪ್ಪನ ಹೆಬ್ಬೆರಳೂ ಹಾಗೇ ಇತ್ತು, ಉಗುರು ಅಡ್ಡಕ್ಕೆ ಅಗಲ. ಸರ್ವರ್ ಹೋಯಿತು. ಚಕ್ರ ತಿರುಗೋಕೆ ಶುರುವಾಯಿತು. ನಾನು ಎಣಿಸಿದೆ, ಹನ್ನೊಂದರ ತನಕ ಬಂದೆ. ಅಷ್ಟು ಹೊತ್ತೂ ಇಬ್ಬರೂ ಆ ಮಷಿನ್ನನ್ನೇ ನೋಡುತ್ತಾ ನಿಂತಿದ್ದೆವು.

ಬಿಲ್ಲು ಬಂತು. ದುಡ್ಡು ಎಣಿಸಿ ಕೊಟ್ಟ. ಹುಡುಗ ಮೂಟೆ ಹೊರೋಕೆ ಹೋದ.

"ಕಾಫಿ ತರಿಸ್ಲಾ?" ಅಂದೆ.

"ಬೇಡ, ಶುಗರ್ ಬಂದಿದೆ" ಅಂದ.

"ಸಕ್ಕರೆ ಹಾಕ್ಸಲ್ಲ. ಕೂತ್ಕೋ."